ಬನ್ ಮಾವನ ಹುಲ್ಲು

ಬನ್ ಮಾವನ ಪ್ಯಾಂಟು ಒಗೆಯಲು ಹಾಕುವ ಮುಂಚೆ ಅವರ ಹೆಂಡತಿ ಜೇಬುಗಳನ್ನು ಒಳಹೊರಗು ಮಾಡಿ ಒದರಿ ನೋಡುತ್ತಾರೆ. ದುಡ್ಡು ಸಿಕ್ಕೀತು ಎಂಬ ಆಸೆಗಲ್ಲ. ಒಮ್ಮೆ ಬಟ್ಟೆ ಒಗೆಯುವ ಮೆಷಿನ್ನು ಗಡಗಡ ಸದ್ದು ಮಾಡಿ ನಿಂತುಹೋಗಿ, ರಿಪೇರಿಗೆ ಬಂದವನು ಅದರ ಹೊಟ್ಟೆಯಿಂದ ಒಂದು ಹಿಡಿ ಬೀಜ ತೆಗೆದು ಕಟ್ಟೆಯ ಮೇಲಿಟ್ಟು, “ಗೋಲಿ ಆಡೋ ಮಕ್ಕಳಿದ್ದಾರಾ ಅಮ್ಮಾ ಮನೇಲಿ?” ಎಂದು ಕೇಳಿದ್ದ. “ಇದ್ದಾರೆ, ಒಬ್ಬರಿದ್ದಾರೆ. ತಲೆ ಬೆಳ್ಳಗಾಗಿದೆ ಅಷ್ಟೇ” ಎಂದಿದ್ದರು ಆಕೆ.

ಆ ಗೋಲಿಗಳು ತಾಳೆ ಜಾತಿಯ ಮರದ ಬೀಜಗಳು. ಬೀದಿಯವರ ಬಾಯಲ್ಲಿ ಆ ಜಾತಿಯ ಮರಗಳೆಲ್ಲ ಒಟ್ಟಾರೆ ಪಾಮ್. ಬನ್ ಮಾವ ಮದುವೆ ಮನೆಗೆ ಹೋಗಲಿ, ಆಸ್ಪತ್ರೆಗೆ ಹೋಗಲಿ, ಸಾವಿನ ಮನೆಗೇ ಹೋಗಲಿ, ಕಣ್ಣು ಮಾತ್ರ ಕಾಂಪೌಂಡಿನೊಳಗಿನ ಮರದ ಬುಡದ ಮೇಲೆ. ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿದ್ದರೆ ಇವರು ಬಗ್ಗಿ ಬೀಜ ಆರಿಸುತ್ತಿರುತ್ತಾರೆ. ಹೀಗೆ ಆರಿಸಿ ತಂದದ್ದನ್ನು ಹಿತ್ತಲಲ್ಲೂ ಅಂಗಳದಲ್ಲೂ ಬೆಳೆಸಿ ಮನೆಯನ್ನು ಹೇಗೆ ಮಾಡಿದ್ದಾರೆಂದರೆ, ಅಂಚೆಯವನು ಗರಿಗಳನ್ನು ಕೈಯಲ್ಲಿ ಸರಿಸಿಕೊಂಡೇ ಬಾಗಿಲು ಹುಡುಕಬೇಕು. ನರ್ಸರಿಯಿಂದ ಬೆಳೆದ ಗಿಡ ತರಬಹುದಲ್ಲ ಎಂದು ಯಾರಾದರೂ ಅಂದರೆ ಮುಗಿಯಿತು. “ಬೇರೆಯವರು ಬೇಯಿಸಿದ ಬ್ರೆಡ್ಡಿಗೆ ನಮ್ಮ ಬೇಕರಿ ಚೀಟಿ ಅಂಟಿಸೋದಾ? ನಾಚಿಕೆ ಆಗಲ್ವಾ?” ಎಂದು ಅಂದವನಿಗೇ ನಾಚಿಕೆಯಾಗುವಂತೆ ಕೇಳುತ್ತಾರೆ.

ಬೇಕರಿಯ ಮಾತು ಅವರ ಬಾಯಿಗೆ ಸುಮ್ಮನೆ ಬರುವುದಲ್ಲ. ಮೀಸೆ ಚಿಗುರುವ ವಯಸ್ಸಿಗೆ ತಿರುವಿನ ಬೇಕರಿ ಸೇರಿದವರು, ಇಂದಿಗೂ ಅದೇ ಇಟ್ಟಿಗೆ ಒಲೆಯ ಮುಂದೆ ಉದ್ದ ಹಿಡಿಯ ಹಲಗೆ ಹಿಡಿದು ನಿಲ್ಲುತ್ತಾರೆ. ಬೆಳಗಿನ ಮೊದಲ ತಟ್ಟೆಯ ಬನ್ನುಗಳಲ್ಲಿ ನಾಲ್ಕೈದು ಕಾಗದದ ಪೊಟ್ಟಣ ಸೇರಿ, ದಾರಿಯಲ್ಲಿ ಸಿಕ್ಕ ಮಕ್ಕಳ ಕೈಗೆ ಹೋಗುವುದು ಎಲ್ಲರಿಗೂ ಗೊತ್ತು. ಹಾಗಾಗಿ ಬನ್ ಮಾವ. ಅವರ ಹೆಂಡತಿ ಬರೀ ಅತ್ತೆ. ಜಗಲಿಯಲ್ಲಿ ಹೊಲಿಗೆ ಮೆಷಿನ್ನು ಇಟ್ಟುಕೊಂಡು ಶಾಲೆಯ ಯೂನಿಫಾರ್ಮ್ ಹೊಲಿಯುವ ಆಕೆಯನ್ನು ಯಾವನೋ ಒಬ್ಬ “ಬನ್ ಅತ್ತೆ” ಎಂದು ಕರೆದ. ಅವನ ಮಗನ ಪ್ಯಾಂಟಿನ ಒಂದು ಕಾಲು ಗಿಡ್ಡವಾಗಿ ಬಂತು. ಆಮೇಲೆ ಯಾರೂ ಹಾಗೆ ಕರೆಯಲಿಲ್ಲ.

ಮನುಷ್ಯ ಬಂಗಾರದಂಥವರು, ಅದರಲ್ಲಿ ಎರಡು ಮಾತಿಲ್ಲ. ಒಂದು ತಟ್ಟೆ ರಸ್ಕು ಕರಕಲಾದರೂ ನಗುತ್ತಾರೆ, ಬಸ್ಸಿನಲ್ಲಿ ಕಾಲು ತುಳಿದವನಿಗೆ ತಾವೇ ಕ್ಷಮಿಸಿ ಅನ್ನುತ್ತಾರೆ. ಆದರೆ ಅವರ ಗಿಡ ಮುಟ್ಟಿ ನೋಡಿ! ಮುಟ್ಟಿ ನೋಡುವುದೇನು, ಮುಟ್ಟುವವರ ಹಾಗೆ ಕೈ ಚಾಚಿ ನೋಡಿ. ಎಲ್ಲಿತ್ತೋ ಆ ಗಂಟಲು, ಬೀದಿಯ ಆ ತುದಿಯಲ್ಲಿ ಮಲಗಿದ್ದ ನಾಯಿ ಎದ್ದು ಕೂರಬೇಕು. ಕರೆಂಟ್ ಮೀಟರ್ ನೋಡುವವನು ಒಮ್ಮೆ ತನ್ನ ಚೀಲವನ್ನು ಒಂದು ಸಸಿಯ ಮೇಲಿಟ್ಟು ಮೀಟರಿನ ಮುಚ್ಚಳ ತೆಗೆಯಲು ಹೋದ. ಒಳಗಿಂದ ಬಂದ ಕೂಗಿಗೆ ಅವನು ಚೀಲ, ಪೆನ್ನು, ಒಂದು ಚಪ್ಪಲಿ ಎಲ್ಲ ಬಿಟ್ಟು ಗೇಟಿನಾಚೆ ಹೋಗಿ ನಿಂತಿದ್ದ. ಅಂದಿನಿಂದ ಅವನು ಗೇಟಿನ ಹೊರಗೆ ನಿಂತು, “ಮಾವಾ, ಗಿಡ ಎಲ್ಲೆಲ್ಲಿದೆ ಹೇಳಿಬಿಡಿ, ಆಮೇಲೆ ಒಳಗೆ ಬರ್ತೀನಿ” ಎನ್ನುತ್ತಾನೆ. ಕೂಗಿ ಮುಗಿದ ಮೇಲೆ ಮಾವನಿಗೆ ಸಂಕಟವಾಗುತ್ತದೆ, ಎರಡು ಬನ್ನು ಕೊಡುತ್ತಾರೆ. ಕೂಗಿಸಿಕೊಂಡವರಿಗೆ ಎರಡು ಬನ್ನು ಎಂಬುದು ಬೀದಿಗೆಲ್ಲ ಗೊತ್ತಿರುವ ಲೆಕ್ಕ.

ಇನ್ನು ಆ ದೊಡ್ಡ ಮರದ ವಿಷಯ ಹೇಳಬೇಕು. ಬೇಕರಿಯ ಎದುರಿಗೆ, ಬಸ್ ನಿಲ್ಲುವ ಜಾಗದಲ್ಲಿ, ಬೀಸಣಿಗೆಯಂಥ ಅಗಲ ಎಲೆಯ ಹಳೇ ತಾಳೆಯೊಂದಿತ್ತು. ಅಂಥದ್ದು ಊರಿನಲ್ಲಿ ಇನ್ನೊಂದಿರಲಿಲ್ಲ. ಹೊಲಿಗೆ ಕಲಿಯಲು ಹೋಗುತ್ತಿದ್ದ ಒಬ್ಬ ಹುಡುಗಿ ದಿನಾ ಅದರ ನೆರಳಲ್ಲಿ ಬಸ್ಸಿಗೆ ಕಾಯುತ್ತಿದ್ದಳು. ಒಲೆಯ ಮುಂದಿನ ಹುಡುಗ ದಿನಾ ಏನಾದರೊಂದು ನೆವ ಮಾಡಿಕೊಂಡು ಹೊರಗೆ ಬರುತ್ತಿದ್ದ. ಒಂದು ದಿನ ಧೈರ್ಯ ಮಾಡಿ ಬಿಸಿ ಬನ್ನು ಕೊಟ್ಟ. ಅವಳು ತಿಂದು, “ಉಪ್ಪು ಜಾಸ್ತಿ” ಎಂದಳು. ಅಲ್ಲಿಂದ ಇಲ್ಲಿಯವರೆಗೂ ಆಕೆಯ ಬಾಯಲ್ಲಿ ಮಾವನಿಗೆ ಪೂರ್ತಿ ಅಂಕ ಬಂದದ್ದಿಲ್ಲ.

ರಸ್ತೆ ಅಗಲ ಮಾಡುವವರು ಬಂದು ಆ ಮರವನ್ನು ಕಡಿದರು. ಮಾವ ಅಂದು ಒಲೆಯನ್ನು ಬೇರೆಯವರ ಕೈಗೆ ಕೊಟ್ಟು, ಉರುಳಿದ ಮರದ ಪಕ್ಕದಲ್ಲಿ ಮಂಡಿಯೂರಿ, ಚೆಲ್ಲಾಪಿಲ್ಲಿಯಾಗಿದ್ದ ಹಣ್ಣುಗಳನ್ನು ಏಪ್ರನ್ನಿನಲ್ಲಿ ತುಂಬಿಕೊಂಡರು. ಮಣ್ಣು ತೆಗೆಯುವ ಯಂತ್ರದವನು ಹಾರ್ನ್ ಹೊಡೆದ. ಇವರು ತಲೆ ಎತ್ತಿ ನೋಡಿದ ಬಗೆಗೆ ಅವನು ಯಂತ್ರ ನಿಲ್ಲಿಸಿ ಕೆಳಗಿಳಿದು ತಾನೂ ಆರಿಸಲು ಕೂತ.

ಹಣ್ಣಿನ ತಿರುಳನ್ನು ನೀರಿನಲ್ಲಿ ನೆನೆಸಿ ಉಜ್ಜಿ ತೆಗೆದದ್ದಾಯಿತು. ತೇಲಿದ ಬೀಜ ಬಿಸಾಡಿ, ಮುಳುಗಿದ್ದನ್ನು ಎರಡು ಪಾಲು ಮಾಡಿದ್ದಾಯಿತು. ಒದ್ದೆ ತೆಂಗಿನ ನಾರಿನ ಪುಡಿಯ ಜೊತೆ ಬ್ರೆಡ್ಡಿನ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಒಂದು ಪಾಲನ್ನು ಒಲೆಯ ಮೇಲಿನ ಶೆಲ್ಫಿನಲ್ಲಿ, ಬೆಚ್ಚಗಿರಲೆಂದು ಇಟ್ಟರು. “ಮಾವಾ, ಇದು ಯಾವ ಬಿಸ್ಕತ್ತು? ಎಷ್ಟು ತಿಂಗಳಾದ್ರೂ ಬೇಯಲ್ಲ” ಎಂದು ಜೊತೆಯವರು ಕಾಡಿದ್ದೇ ಕಾಡಿದ್ದು. ಬೀಜ ಮೊಳೆಯುವುದು ತಡ ಎಂದು ಮಾವನಿಗೇ ಗೊತ್ತು. ಗೊತ್ತಿದ್ದು ಏನು ಬಂತು? ಕೈ ಕೇಳಬೇಕಲ್ಲ! ದಿನಾ ಚೀಲ ಬಿಚ್ಚಿ, ಬೆರಳಿಟ್ಟು ತಡಕಿ, ಒಂದೊಂದನ್ನೇ ತೆಗೆದು ಬೆಳಕಿಗೆ ಹಿಡಿದು, ಕೊನೆಗೆ ಮೊಳಕೆ ಬಂದಾಗ ಆ ಎಳೆ ತುದಿಗಳನ್ನೆಲ್ಲ ತಮ್ಮ ಕೈಯಾರೆ ಮುರಿದು ಹಾಕಿದರು. ಒಂದೂ ಉಳಿಯಲಿಲ್ಲ.

ಅತ್ತೆ ಉಳಿದ ಪಾಲನ್ನು ಕಿತ್ತುಕೊಂಡು ಫ್ರಿಜ್ಜಿನ ತಲೆಯ ಮೇಲೆ, ಹಿಂದಿನ ಬೆಚ್ಚನೆ ಮೂಲೆಯಲ್ಲಿಟ್ಟರು.

“ಒಲೆ ಬಾಗಿಲು ತೆಗೆದು ತೆಗೆದು ನೋಡಿದ್ರೆ ಕೇಕ್ ಉಬ್ಬುತ್ತೇನ್ರೀ?”

“ಉಬ್ಬಲ್ಲ.”

“ಅಷ್ಟು ಗೊತ್ತಲ್ಲ. ನಾನು ಹೇಳೋ ತನಕ ಇದರ ಹತ್ತಿರ ಬಂದ್ರೆ ನೋಡಿ ಮತ್ತೆ.”

ಮಾವ ಹತ್ತಿರ ಬರಲಿಲ್ಲ. ಹಾಲು ತೆಗೆಯುವ ನೆವದಲ್ಲಿ ಫ್ರಿಜ್ಜಿನ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಿದ್ದರು ಅಷ್ಟೇ. ಕಡೆಗೊಂದು ದಿನ ಅತ್ತೆಯೇ ಕರೆದು ಚೀಲ ಬಿಚ್ಚಿದರು. ಬೀಜಗಳಿಂದ ಬೆಳ್ಳನೆಯ ದಪ್ಪ ಮೊಳಕೆಗಳು ಇಣುಕುತ್ತಿದ್ದವು. ಈ ಜಾತಿಯ ಮೊಳಕೆ ಮೇಲೆ ಬರುವ ಮೊದಲು ಆಳಕ್ಕೆ ಇಳಿಯುತ್ತದೆ, ಗಿಡದ ಜೀವವೆಲ್ಲ ಅಲ್ಲಿ ಕೆಳಗೆ ಕೂತಿರುತ್ತದೆ. ಅದಕ್ಕೆಂದೇ ಮಾವ ಬೇಕರಿಯ ಉದ್ದನೆಯ ಖಾಲಿ ಎಣ್ಣೆ ಡಬ್ಬಗಳನ್ನು ತಂದು, ತಳಕ್ಕೆ ತೂತು ಹೊಡೆದು, ಮಣ್ಣು ತುಂಬಿ, ಅಂಗಳದ ಗೋಡೆಯುದ್ದಕ್ಕೂ ಸಾಲಾಗಿ ಇಟ್ಟರು. ಇನ್ನೂ ಎಷ್ಟೋ ಕಾಲ ಕಳೆದ ಮೇಲೆ ಒಂದೊಂದು ಡಬ್ಬದ ನಡುವೆ ಒಂದೊಂದು ಹಸಿರು ಕಡ್ಡಿ ಎದ್ದಿತು.

ನೋಡುವವರ ಕಣ್ಣಿಗೆ ಅದು ಹುಲ್ಲು. ಸುಳ್ಳೇಕೆ, ನಿಜಕ್ಕೂ ಹುಲ್ಲಿನ ಹಾಗೇ ಇತ್ತು. ಬೀಸಣಿಗೆ ಎಲೆ ಬರುವುದು ವರ್ಷಗಳ ಮಾತು. “ಮಾವಾ, ಹುಲ್ಲೇನೋ ಬಂತು, ಹಸು ಯಾವಾಗ ತರ್ತೀರಾ?” ಎಂದು ಹಾದುಹೋಗುವವರೆಲ್ಲ ಕೇಳುವವರೇ. ಮಾವ ಹೊರಗೆ ನಕ್ಕು, ಒಳಗೆ ಬಂದು ಹೆಂಡತಿಯ ಹತ್ತಿರ, “ನಮ್ಮ ಮರ ಮತ್ತೆ ಹುಟ್ಟಿತಲ್ಲ ಕಣೇ” ಎನ್ನುತ್ತಿದ್ದರು. ಅತ್ತೆ ಅದಕ್ಕೆ ಏನೂ ಕೊಂಕು ಆಡುತ್ತಿರಲಿಲ್ಲ.

ಇಷ್ಟರಲ್ಲಿ ಮಗಳ ಸುದ್ದಿ ಹೊರಬಿತ್ತು. ಅವಳು ಕನ್ನಡಕದ ಅಂಗಡಿಯಲ್ಲಿ ಜನರ ಮೂಗಿಗೆ, ಕಿವಿಗೆ ಸರಿಯಾಗಿ ಕನ್ನಡಕ ಕೂರಿಸುವ ಕೆಲಸದಲ್ಲಿದ್ದಳು. ಆ ಅಂಗಡಿಯ ಎಸಿ ಕೆಟ್ಟಾಗ ಒಬ್ಬ ಮೆಕ್ಯಾನಿಕ್ ಬಂದ. ಎಸಿ ಸರಿಯಾಯಿತು. ಆದರೂ ಬಂದ. ಚಳಿ ಬಿದ್ದಾಗಲೂ ಬಂದ. ಎಸಿಯಲ್ಲಿ ಏನೂ ಕೆಟ್ಟಿಲ್ಲವೆಂದು ಅಂಗಡಿಯ ಯಜಮಾನನಿಗೂ ಅರ್ಥವಾಗುವ ಹೊತ್ತಿಗೆ ಇವರಿಬ್ಬರ ಮಾತು ಮದುವೆಯವರೆಗೆ ಬಂದಿತ್ತು. ಮಾವ ಹುಡುಗನನ್ನು ಒಮ್ಮೆ ನೋಡಿದರು. ಅವನು ಡಬ್ಬಗಳ ಸಾಲನ್ನು ನೋಡಿ, “ಇದು ಯಾವ ಪಾಮ್ ಮಾವ?” ಎಂದು ಕೇಳಿದ. ಹುಲ್ಲು ಅನ್ನಲಿಲ್ಲ! ಮಾವನ ಮಟ್ಟಿಗೆ ಮದುವೆ ಅಲ್ಲಿಗೇ ಗೊತ್ತಾಗಿಹೋಯಿತು.

ತೊಡಕಿದ್ದದ್ದು ಹುಡುಗನ ತಾಯಿಯದು. ದೊಡ್ಡಾಸ್ಪತ್ರೆಯಲ್ಲಿ ನರ್ಸುಗಳ ಮೇಲ್ವಿಚಾರಕಿ, ಅಂದರೆ ಮೇಟ್ರನ್ ಆಗಿ ನಿವೃತ್ತರಾದವರು, ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಮಗಳು ಒಂದು ಸಂಜೆ ಅಪ್ಪನ ಪಕ್ಕ ಕೂತು ವಿಷಯ ಬಿಡಿಸಿ ಹೇಳಿದಳು.

“ಅಪ್ಪ, ಅವರಿಗೆ ಕೂಗಾಟ ಆಗಲ್ಲ. ಅವರ ಗಂಡ ದಿನಾ ಕೂಗ್ತಿದ್ರಂತೆ. ಊಟಕ್ಕೆ ಕೂತ್ರೆ ಕೂಗು, ಎದ್ರೆ ಕೂಗು. ಕೂಗೋ ಮನೆಯಿಂದ ಮಾತ್ರ ಹೆಣ್ಣು ತರಲ್ಲ ಅಂದಿದ್ದಾರಂತೆ.”

“ನಾನು ಯಾವಾಗಮ್ಮಾ ಕೂಗಿದ್ದು?”

ಜಗಲಿಯಲ್ಲಿ ಅತ್ತೆ ಹೊಲಿಗೆ ಮೆಷಿನ್ ನಿಲ್ಲಿಸಿದರು. ಮಗಳು ಅಪ್ಪನ ಮುಖ ನೋಡಿದಳು.

“ಆಯ್ತಮ್ಮಾ, ಗೊತ್ತಾಯ್ತು. ಅವರು ಬಂದ ದಿನ ನಾನು ತುಟಿ ಪಿಟಕ್ಕೆನ್ನಲ್ಲ.”

“ಮೀಟರಿನವನ ಕತೆ ಅವರ ಕಿವಿಗೆ ಆಗಲೇ ಬಿದ್ದಿದೆ ಅಪ್ಪ. ಅದಕ್ಕೇ ಸ್ವತಃ ನೋಡೋಕೆ ಬರ್ತಿದ್ದಾರೆ. ಒಂದು ದಿನ, ಒಂದೇ ದಿನ.” ಅವಳು ಅಪ್ಪನ ಕೈ ಹಿಡಿದುಕೊಂಡಳು. ಈ ಹುಡುಗಿಗೆ ಅವನಿಲ್ಲದೆ ಆಗುವುದಿಲ್ಲ ಎಂಬುದು ಮಾವನಿಗೆ ಆಗ ಚೆನ್ನಾಗಿ ಅರ್ಥವಾಯಿತು. ಅವಳ ತಲೆ ನೇವರಿಸಿ, ನಾನಿದ್ದೀನಲ್ಲ ಎಂದರು.

ಮೇಟ್ರನ್ ಅಮ್ಮನ ಗುಣ ಎರಡು. ಒಂದು, ಹೇಳಿದ ಹೊತ್ತಿಗಿಂತ ಮುಂಚೆ ಬಂದು ನಿಲ್ಲುವುದು. ಎಷ್ಟೋ ವರ್ಷ ವಾರ್ಡಿಗೆ ಹಾಗೆ ಹೋಗಿ ಹೋಗಿ, ಮಂಚದ ಕೆಳಗಿನ ಧೂಳು ಪತ್ತೆಹಚ್ಚಿ ಅಭ್ಯಾಸ. ಇನ್ನೊಂದು, ಸುಮ್ಮನೆ ಕೂರಲಾರದ ಕೈ. ಹೋದ ಮನೆಯಲ್ಲಿ ಕರ್ಟನ್ ಸೊಟ್ಟಗಿದ್ದರೆ ನೆಟ್ಟಗೆ ಮಾಡುತ್ತಾರೆ, ಚಪ್ಪಲಿ ಅಡ್ಡಾದಿಡ್ಡಿ ಇದ್ದರೆ ಜೋಡಿಸುತ್ತಾರೆ. ದನಿ ಮಾತ್ರ ಎಂದೂ ಏರದು. ಇಡೀ ವಾರ್ಡನ್ನು ಪಿಸುಮಾತಿನಲ್ಲೇ ಓಡಿಸಿದವರೆಂದು ಹೆಸರಾಗಿತ್ತು.

ಅಂದು ಅವರು ಮಗನ ಜೊತೆ ಮುಂಚೆಯೇ ಬಂದಾಗ ಮಾವ ಬೇಕರಿಯಲ್ಲಿದ್ದರು. ಬೀಗರಾಗುವವರಿಗೆ ತಮ್ಮ ಕೈಯಾರೆ ಮಾಡಿದ ಕೇಕ್ ಕೊಡಬೇಕೆಂದು ಒಲೆಯ ಮುಂದೆ ಕಾದಿದ್ದರು. ಮಗಳು ಒಳಗೆ ಬಟ್ಟೆ ಬದಲಿಸುತ್ತಿದ್ದಳು. ಅತ್ತೆ ಅಡುಗೆಮನೆಗೆ ಓಡಿದರು, ಹಾಲು ಸಾಲದೆಂದು ಹುಡುಗನನ್ನೇ ಅಂಗಡಿಗೆ ಅಟ್ಟಿದರು. ಮೇಟ್ರನ್ ಅಮ್ಮ ಅಂಗಳದ ಕುರ್ಚಿಯಲ್ಲಿ ಒಬ್ಬರೇ ಉಳಿದರು. ಅವರ ಮುಂದೆ ಗೋಡೆಯುದ್ದಕ್ಕೂ ಎಣ್ಣೆ ಡಬ್ಬಗಳು, ಡಬ್ಬಗಳ ತುಂಬ ಹುಲ್ಲು. ಕೈ ಸುಮ್ಮನಿರುತ್ತದೆಯೇ?

ಮಾವ ಕೇಕಿನ ಡಬ್ಬಿ ಹಿಡಿದು ಗೇಟು ತೆಗೆದಾಗ ಎಲ್ಲ ಮುಗಿಯುತ್ತ ಬಂದಿತ್ತು. ಮೇಟ್ರನ್ ಅಮ್ಮ ಕೊನೆಯ ಡಬ್ಬದ ಮುಂದೆ ಬಗ್ಗಿ, ಬ್ಯಾಗಿನಲ್ಲಿ ಸದಾ ಇರುವ ಬ್ಯಾಂಡೇಜ್ ಕತ್ತರಿಯಿಂದ ಕೊನೆಯ ಹಸಿರು ಕಡ್ಡಿಯನ್ನು ಮಣ್ಣಿನ ಮಟ್ಟಕ್ಕೆ ಸರಿಯಾಗಿ ಕಚಕ್ಕೆಂದು ಕತ್ತರಿಸಿದರು.

“ಬಂದ್ರಾ? ನಮಸ್ಕಾರ” ಎಂದರು ಮೆಲುದನಿಯಲ್ಲಿ, ತೃಪ್ತಿಯಿಂದ ಕೈ ಕೊಡವುತ್ತ. “ಸುಮ್ಮನೆ ಕೂತಿದ್ದೆ, ನೋಡಿ, ಈ ಹುಲ್ಲೆಲ್ಲ ತೆಗೆದುಬಿಟ್ಟೆ. ಕಿತ್ರೆ ಮಣ್ಣು ಚೆಲ್ಲಿ ತೊಳೆದ ಅಂಗಳ ಕೊಳೆ ಆಗುತ್ತೆ ಅಂತ ಕತ್ತರಿಸಿದೆ. ಕಸದ ಗಾಡಿ ಬಂದಿತ್ತು, ಇದೊಂದು ಬಿಟ್ಟು ಎಲ್ಲ ಅದಕ್ಕೆ ಹಾಕಿಯೂ ಆಯ್ತು. ಈಗ ಎಷ್ಟು ಚೊಕ್ಕವಾಗಿದೆ ಅಲ್ವಾ?”

ಮಾವನ ಕಣ್ಣು ಡಬ್ಬದಿಂದ ಡಬ್ಬಕ್ಕೆ ಹೋಯಿತು. ಬರೀ ಮಣ್ಣು. ಎದೆಯಿಂದ ಒಂದು ಕೂಗು ಎದ್ದು ಗಂಟಲಿಗೆ ಬಂದೇಬಿಟ್ಟಿತು. ಅಷ್ಟರಲ್ಲಿ ಬಾಗಿಲಲ್ಲಿ ಮಗಳು ಕಾಣಿಸಿದಳು. ಅವಳೂ ಡಬ್ಬಗಳನ್ನು ನೋಡಿದ್ದಳು. ಮುಖದಲ್ಲಿ ರಕ್ತವೇ ಇರಲಿಲ್ಲ. ಎರಡೂ ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದು ಅಪ್ಪನ ಬಾಯನ್ನೇ ನೋಡುತ್ತಿದ್ದಳು.

ಮಾವ ಕೂಗನ್ನು ನುಂಗಿದರು. ಒಣ ರಸ್ಕು ನೀರಿಲ್ಲದೆ ನುಂಗಿದ ಹಾಗೆ, ಗಂಟಲು ಮೇಲೆ ಕೆಳಗೆ ಆಗಿದ್ದು ಎಲ್ಲರಿಗೂ ಕಂಡಿತು.

“ಅಯ್ಯೋ, ನಿಮಗ್ಯಾಕೆ ತೊಂದರೆ ಅಮ್ಮಾವ್ರೇ” ಎಂದರು. ದನಿ ಅವರದೇ ಎಂದು ಅವರಿಗೇ ಅನಿಸಲಿಲ್ಲ. “ಕೈ ತೊಳ್ಕೊಳ್ಳಿ. ಕೇಕ್ ಇನ್ನೂ ಬಿಸಿ ಇದೆ.”

ಆಮೇಲೆ ಬಚ್ಚಲಿಗೆ ಹೋಗಿ, ನಲ್ಲಿಯನ್ನು ಪೂರ್ತಿ ತಿರುಗಿಸಿ, ಟವೆಲ್ಲನ್ನು ಬಾಯಿಗೆ ತುರುಕಿಕೊಂಡು ಒಂದು ಸಲ ಮನಸಾರೆ ಕೂಗಿದರು. ಹೊರಗೆ ಬಂದು ಮುಖ ಒರೆಸಿಕೊಂಡು ಎಲ್ಲರಿಗೂ ಕೇಕ್ ಕತ್ತರಿಸಿ ಕೊಟ್ಟರು. ಮೇಟ್ರನ್ ಅಮ್ಮ ಎರಡು ತುಂಡು ತಿಂದರು, ಹದ ಚೆನ್ನಾಗಿದೆ ಎಂದರು, ಡಬ್ಬಗಳಿಗೆ ಏನು ಹಾಕಬಹುದೆಂದು ಮೆಲುದನಿಯಲ್ಲಿ ಸಲಹೆ ಕೊಟ್ಟರು. ಗುಲಾಬಿ ಹಾಕಿ, ಸೇವಂತಿಗೆ ಹಾಕಿ ಎಂದರು. ಹಾಲು ತಂದ ಹುಡುಗ ಅಂಗಳ ನೋಡಿ ಬಾಯಿ ತೆರೆಯಹೋದ. ಮಾವ ಅವನ ಬಾಯಿಗೆ ಒಂದು ದೊಡ್ಡ ತುಂಡು ಕೇಕ್ ಇಟ್ಟರು.

ಹೊರಡುವಾಗ ಮೇಟ್ರನ್ ಅಮ್ಮ, “ಇನ್ನೊಂದು ಸಲ ಬರ್ತೀನಿ. ಅವತ್ತು ನನ್ನ ಮಾತು ಹೇಳ್ತೀನಿ” ಎಂದರು. ಕೇಳಿಬಂದ ಕತೆಗೂ ಕಣ್ಣೆದುರಿನ ಮನುಷ್ಯನಿಗೂ ತಾಳೆಯಾಗದೆ ಅವರು ಸ್ವಲ್ಪ ಗೊಂದಲದಲ್ಲೇ ಹೋದರೆಂದು ಕಾಣುತ್ತದೆ.

ಗೇಟು ಮುಚ್ಚಿದ್ದೇ ಮಗಳು ಅಪ್ಪನನ್ನು ಅಪ್ಪಿಕೊಂಡು ಅತ್ತಳು. “ಇಷ್ಟು ವರ್ಷ ಕಾದಿದ್ದೆಯಲ್ಲಪ್ಪ. ಕೂಗಿಬಿಡ್ಬೇಕಿತ್ತು ನೀನು. ನಾನೇನೂ ಅಂದ್ಕೋತಿರ್ಲಿಲ್ಲ.”

“ಸುಳ್ಳು ಹೇಳ್ಬೇಡ, ಬಾಗಿಲಲ್ಲಿ ನಿನ್ನ ಮುಖ ನೋಡಿದ್ದೀನಿ” ಎಂದರು ಮಾವ. ಅಷ್ಟು ಹೇಳಿ ಅವರಿಗೂ ಅಳು ಬಂತು. ಅತ್ತೆ ಜಗಲಿಯಲ್ಲಿ ಕೂತು ಯೂನಿಫಾರ್ಮ್ ಹೊಲಿಯತೊಡಗಿದರು. ಬಹಳ ಹೊತ್ತಿನ ಮೇಲೆ ನೋಡಿದರೆ ಮೆಷಿನ್ನಿಗೆ ದಾರವನ್ನೇ ಪೋಣಿಸಿರಲಿಲ್ಲ. ಬಸ್ಸಿಗೆ ಕಾಯುತ್ತಿದ್ದ ಹುಡುಗಿ ಅವರೇ ಅಲ್ಲವೇ, ಆ ಮರ ಅವರದೂ ಅಲ್ಲವೇ!

ಮಾರನೆಯ ದಿನ ಬೇಕರಿಯಿಂದ ಬಂದ ಮಾವ ಎಂದಿನಂತೆ ಚೊಂಬು ತುಂಬಿಕೊಂಡು ಡಬ್ಬಗಳಿಗೆ ನೀರು ಹಾಕಿದರು.

“ಯಾವುದಕ್ಕೆ ನೀರು?” ಎಂದರು ಅತ್ತೆ.

“ಮಣ್ಣಿಗೆ.”

ಮಾವ ದಿನಾ ಮಣ್ಣಿಗೆ ನೀರು ಹಾಕಿದರು. ಬೇಕರಿಯಲ್ಲಿ ನಗು ಕಡಿಮೆಯಾಯಿತು, ಒಂದು ದಿನ ಬನ್ನಿಗೆ ನಿಜವಾಗಿಯೂ ಉಪ್ಪು ಜಾಸ್ತಿಯಾಯಿತು. ಮನೆಗೆ ಬಂದರೆ ಡಬ್ಬಗಳ ಕಡೆ ಮುಖ ತಿರುಗಿಸಿಕೊಂಡೇ ನೀರು ಹೊಯ್ಯುವುದು. ಮಣ್ಣು ಸುರಿದು ಡಬ್ಬ ಬಿಸಾಡೋಣವೆಂದರೆ ಕೈ ಬರುತ್ತಿರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ, ಊಟ ಮಾಡಿ ಮಲಗಿದ್ದವರನ್ನು ಅತ್ತೆ ಭುಜ ಹಿಡಿದು ಅಲುಗಾಡಿಸಿದರು. “ರೀ, ಏಳ್ರೀ! ಏಳ್ರೀ ಅಂದ್ರೆ! ನಿಮ್ಮ ಹುಲ್ಲು ಬಂದಿದೆ!”

ಮಾವ ಪಂಚೆ ಕಟ್ಟಿಕೊಳ್ಳುತ್ತಲೇ ಓಡಿದರು. ಮೂರನೆಯ ಡಬ್ಬದ ನಡುವೆ, ಮಣ್ಣನ್ನು ಸೀಳಿಕೊಂಡು, ತುದಿ ಕತ್ತರಿಸಿದ ಒಂದು ಹಸಿರು ಕಡ್ಡಿ ಮೇಲಕ್ಕೆ ಬಂದಿತ್ತು. ಆಚೆಯದರಲ್ಲಿ ಇನ್ನೊಂದು. ಅದರಾಚೆ ಇನ್ನೊಂದು. ಮಾವ ಹಣೆ ಚಚ್ಚಿಕೊಂಡರು. ಗಿಡದ ಜೀವ ಆಳದಲ್ಲಿರುತ್ತದೆ ಎಂದು ಉದ್ದ ಡಬ್ಬ ಹುಡುಕಿ ತಂದವರು ತಾವೇ, ದುಃಖದಲ್ಲಿ ಅದೇ ಮರೆತುಹೋಗಿತ್ತಲ್ಲ! ಆಯಮ್ಮ ಕತ್ತರಿಸಿದ್ದು ಎಲೆಯನ್ನು ಮಾತ್ರ. ಕಿತ್ತಿದ್ದರೆ ಬೀಜ, ಬೇರು, ಜೀವ ಎಲ್ಲ ಹೋಗುತ್ತಿತ್ತು. ಅಂಗಳ ಕೊಳೆಯಾಗಬಾರದೆಂಬ ಆ ಮಡಿವಂತ ಕತ್ತರಿಯೇ ಗಿಡಗಳನ್ನು ಉಳಿಸಿತ್ತು.

“ನಿಮ್ಮ ಕೈಗಿಂತ ಅವರ ಕತ್ತರಿ ವಾಸಿ. ನೀವಾಗಿದ್ರೆ ಬಗೆದು ನೋಡ್ತಿದ್ರಿ” ಎಂದರು ಅತ್ತೆ. ಕಣ್ಣಲ್ಲಿ ನೀರು, ಬಾಯಲ್ಲಿ ನಗು.

ಮೇಟ್ರನ್ ಅಮ್ಮ ಮತ್ತೆ ಬರುವ ದಿನಕ್ಕೆ ಮನೆಯವರೆಲ್ಲ ಸೇರಿ ಒಂದು ಉಪಾಯ ಮಾಡಿದರು. ಬೆಳಗ್ಗೆಯೇ ತಳ್ಳುಗಾಡಿ ತಂದು ಡಬ್ಬಗಳನ್ನೆಲ್ಲ ಬೇಕರಿಯ ಟೆರೇಸಿಗೆ ಸಾಗಿಸಿಬಿಡುವುದು. ಅವರು ಮಾತು ಕೊಟ್ಟು ಹೋದ ಮೇಲೆ ವಾಪಸ್ ತರುವುದು. ಸುಳ್ಳಿಲ್ಲ, ಕೂಗಾಟವಿಲ್ಲ. ಉಪಾಯವೇನೋ ಚೆನ್ನಾಗಿತ್ತು. ಬರುವವರು ಮುಂಚೆಯೇ ಬರುವವರೆಂಬುದನ್ನು ಮಾತ್ರ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮಾವ ಒಂದು ಡಬ್ಬವನ್ನು ಎದೆಗವಚಿಕೊಂಡು ಗಾಡಿಗೆ ಏರಿಸುತ್ತಿದ್ದಾರೆ, ಬೆನ್ನ ಹಿಂದೆ ಮೆಲುದನಿ ಕೇಳಿಸಿತು. “ಅಲ್ಲಾ, ಮತ್ತೆ ಬಂದಿದೆಯಲ್ಲ ಈ ಹುಲ್ಲು! ಮೊಂಡು ಜಾತಿ. ಇರಿ, ಈ ಸಲ ಬೇರು ಸಮೇತ ಕಿತ್ತುಬಿಡ್ತೀನಿ.”

ಮಾವ ತಿರುಗಿದರು. ಮೇಟ್ರನ್ ಅಮ್ಮ ಸೆರಗು ಸಿಕ್ಕಿಸಿಕೊಂಡು, ಸಾಲಿನ ಮೊದಲ ಡಬ್ಬದ ಹಸಿರು ಕಡ್ಡಿಯ ಬುಡವನ್ನು ಎರಡು ಬೆರಳಲ್ಲಿ ಹಿಡಿದಾಗಿತ್ತು.

“ಮುಟ್ಟ್‌ಬೇಡೀ!”

ಅಬ್ಬಬ್ಬಾ, ಆ ಕೂಗು! ನಾಯಿ ಎದ್ದು ಕೂತಿತು. ಎದುರುಮನೆಯ ಕಿಟಕಿ ತೆರೆಯಿತು. ಒಳಗೆ ಏನೋ ಪಾತ್ರೆ ಬಿತ್ತು. ಮೇಟ್ರನ್ ಅಮ್ಮ ಬೆರಳು ಬಿಟ್ಟು, ಕಣ್ಣು ಮುಚ್ಚಿ, ಭುಜ ಕುಗ್ಗಿಸಿ, ಏಟು ಬೀಳುತ್ತದೆಂದು ಕಾಯುವವರ ಹಾಗೆ ನಿಂತುಬಿಟ್ಟರು. ಅದನ್ನು ನೋಡಿ ಮಾವ ಕೈಯಲ್ಲಿದ್ದ ಡಬ್ಬವನ್ನು ಕೆಳಗಿಟ್ಟರು. ಮಗಳು ಬಾಗಿಲಿಗೆ ಓಡಿಬಂದು ನಿಂತಳು. ಇನ್ನೇನು ಉಳಿದಿದೆ, ಎಲ್ಲ ಕೆಟ್ಟಿತು ಎಂದುಕೊಂಡರು ಮಾವ. ಗಿಡ ಉಳಿಸಲು ಹೋಗಿ ಮಗಳ ಬದುಕಿಗೇ ಕೈ ಹಾಕಿಬಿಟ್ಟೆನಲ್ಲ ಎಂದು ಅವರಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

“ತಪ್ಪಾಯ್ತು ಅಮ್ಮಾವ್ರೇ” ಎಂದರು. “ನನ್ನ ಬಾಯಿ ಇರೋದೇ ಹೀಗೆ. ಅದಕ್ಕೆ ನನ್ನ ಮಗಳನ್ನ ಬಿಡಬೇಡಿ. ಅವಳು ನನ್ನ ಹಾಗಲ್ಲ, ಅವಳು ಯಾವತ್ತೂ ದನಿ ಏರಿಸಿದ್ದಿಲ್ಲ.”

ಮೇಟ್ರನ್ ಅಮ್ಮ ಕಣ್ಣು ತೆರೆದರು. “ಏನಿದು?” ಎಂದರು, ಡಬ್ಬದ ಕಡೆ ಬೆರಳು ತೋರಿಸಿ.

“ಪಾಮ್. ಹುಲ್ಲಲ್ಲ.” ಮಾವ ಬೇಕರಿಯ ಎದುರಿಗಿದ್ದ ಮರದ ಕತೆ ಹೇಳಿದರು. ಹಣ್ಣು ಆರಿಸಿದ್ದು, ಕಾದದ್ದು, ತಾವೇ ಮುರಿದದ್ದು, ಮತ್ತೆ ಕಾದದ್ದು, ಎಲ್ಲ ಹಿಂದುಮುಂದಾಗಿ ಬಂತು. ನಡುನಡುವೆ ಅತ್ತೆ ಬಿಟ್ಟುಹೋದದ್ದನ್ನು ಸೇರಿಸಿದರು, ಉಪ್ಪು ಜಾಸ್ತಿಯಾಗಿದ್ದ ಬನ್ನನ್ನು ಕೂಡ. ಮೇಟ್ರನ್ ಅಮ್ಮ ಅಲುಗಾಡದೆ ಕೇಳಿದರು.

“ಅಂದ್ರೆ ಅವತ್ತು ನಾನು ಕತ್ತರಿಸಿದ್ದು...”

“ಹೂಂ.”

“ಎಲ್ಲಾನೂ?”

“ಎಲ್ಲಾನೂ.”

“ಮತ್ತೆ ಬರುತ್ತೆ ಅಂತ ಗೊತ್ತಿತ್ತಾ ನಿಮಗೆ?”

“ಇಲ್ಲಮ್ಮಾ. ಹೋಯ್ತು ಅಂತಲೇ ತಿಳ್ಕೊಂಡಿದ್ದೆ.”

“ಅಷ್ಟು ತಿಳಿದೂ ನನಗೆ ಕೇಕ್ ಕೊಟ್ರಾ? ಗುಲಾಬಿ ಹಾಕಿ, ಸೇವಂತಿಗೆ ಹಾಕಿ ಅಂದಾಗ ತಲೆ ಅಲ್ಲಾಡಿಸಿದ್ರಾ? ಯಾಕೆ ಬಾಯಿ ಬಿಡಲಿಲ್ಲ?”

ಮಾವ ಬಾಗಿಲ ಕಡೆ ನೋಡಿದರು. “ಮಗಳು ಅಲ್ಲಿ ನಿಂತಿದ್ಲು.”

ಮೇಟ್ರನ್ ಅಮ್ಮ ಅಂಗಳದ ಕುರ್ಚಿಯಲ್ಲಿ ಕೂತರು. ಸುಮ್ಮನೆ ಕೂರಲಾರದ ಆ ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಮಾತು ಶುರು ಮಾಡಿದಾಗ ದನಿ ಇನ್ನೂ ಮೆಲ್ಲಗಿತ್ತು.

“ನಮ್ಮ ಮನೆಯವರು ಕಾಫಿ ಆರಿಹೋದ್ರೂ ಕೂಗೋರು. ಯಾರಿದ್ದಾರೆ, ಯಾರಿಲ್ಲ, ಮಗ ಕೇಳ್ತಾನೆ, ಹೆದರ್ತಾನೆ ಅನ್ನೋದೇ ಇಲ್ಲ. ಒಂದು ದಿನ, ಒಂದೇ ಒಂದು ದಿನ ಮಗನ ಮುಖ ನೋಡಿ ಬಾಯಿ ಮುಚ್ಚಿದ್ರೆ ಸಾಕಿತ್ತು ನನಗೆ.” ಅವರು ಕಣ್ಣೊರೆಸಿಕೊಂಡರು. “ನಾನು ಕೂಗೋ ಮನೆ ಬೇಡ ಅಂದಿದ್ದೆ. ನಿಮ್ಮದು ಕೂಗೋ ಮನೆಯೇ ಬಿಡಿ, ಕಿವಿ ಇನ್ನೂ ಗುಂಯ್ ಅಂತಿದೆ. ಆದ್ರೂ ಕೊಡ್ತೀರೇನ್ರೀ ಮಗಳನ್ನ?”

ಮಗಳು ಬಾಗಿಲ ಚೌಕಟ್ಟು ಬಿಟ್ಟು ಅಲ್ಲೇ ಹೊಸಿಲ ಮೇಲೆ ಕುಸಿದು ಕೂತಳು. ಅಳುವುದೋ ನಗುವುದೋ ಗೊತ್ತಾಗದೆ ಎರಡನ್ನೂ ಮಾಡಿದಳು. ಮಾವ ಒಳಗೆ ಹೋಗಿ ಕಾಗದದ ಪೊಟ್ಟಣ ಹಿಡಿದು ಬಂದು, ಕೂಗಿಸಿಕೊಂಡವರಿಗೆ ಸಲ್ಲಬೇಕಾದದ್ದನ್ನು ಮೇಟ್ರನ್ ಅಮ್ಮನ ಮಡಿಲಿಗೆ ಹಾಕಿದರು.

“ಇದೇನು ಎರಡು ಬನ್ನು?”

“ತಿನ್ನಿ ಬೀಗಿತ್ತಿಯವರೇ” ಎಂದರು ಅತ್ತೆ. “ನಮ್ಮ ಬೀದಿಯಲ್ಲಿ ಎಲ್ಲರೂ ತಿಂದಿದ್ದಾರೆ.”

ಮದುವೆ ಸರಳವಾಗಿ ನಡೆಯಿತು. ಮಗಳ ಜೊತೆ ಒಂದು ಎಣ್ಣೆ ಡಬ್ಬವೂ ಹೋಯಿತು. ಮಾವ ತಾವೇ ತಳ್ಳುಗಾಡಿಯಲ್ಲಿ ನೂಕಿಕೊಂಡು ಹೋಗಿ, ಬೀಗಿತ್ತಿಯ ಗೇಟಿನ ಪಕ್ಕ ಬಿಸಿಲು ನೋಡಿ ಇಟ್ಟು, ನೀರು ಎಷ್ಟು, ಹೇಗೆ ಎಂದು ಹೇಳಿ, ಅರ್ಧ ದಾರಿಯಿಂದ ವಾಪಸ್ ಬಂದು ಇನ್ನೊಮ್ಮೆ ಹೇಳಿದರು. ಮೇಟ್ರನ್ ಅಮ್ಮ ಅದರ ಸುತ್ತ ನೆಲ ಒರೆಸುತ್ತಾರೆ, ಡಬ್ಬವನ್ನೂ ಒರೆಸುತ್ತಾರೆ. ಕತ್ತರಿ ಬ್ಯಾಗಿನಲ್ಲೇ ಇರುತ್ತದೆ. ಒಂದು ಕಡ್ಡಿ ಇದ್ದದ್ದು ಎರಡಾಗಿದೆ, ಸೊಸೆಯನ್ನು ಕರೆದು ಕರೆದು ತೋರಿಸುತ್ತಾರೆ. ನೋಡುವವರ ಕಣ್ಣಿಗೆ ಈಗಲೂ ಅದು ಹುಲ್ಲೇ.

ಮೊನ್ನೆ ಆ ಬೀದಿಗೂ ಮೀಟರ್ ನೋಡುವವನು ಬಂದ. ಅದೇ ಮನುಷ್ಯ, ಅದೇ ಚೀಲ. ಪಿಸುಮಾತಿನ ಮೇಟ್ರನ್ ಅಮ್ಮನ ಮನೆ, ಇಲ್ಲಿ ಹೆದರಿಕೆಯೇನು ಎಂದುಕೊಂಡು ಆರಾಮಾಗಿ “ಅಮ್ಮಾ, ಮೀಟರ್” ಎನ್ನುತ್ತ ಗೇಟು ತೆಗೆದ. ಚೀಲ ಭಾರವಾಗಿತ್ತು, ಪಕ್ಕದಲ್ಲಿ ಹುಲ್ಲು ಬೆಳೆದ ಡಬ್ಬವೊಂದು ಕಂಡಿತು, ಅದರ ಮೇಲಿಡಲು ಬಗ್ಗಿದ.

“ಮುಟ್ಟ್‌ಬೇಡಾ!”

ಆ ಮನೆಯಿಂದ ಅಂಥ ಕೂಗು ಯಾರೂ ಕೇಳಿರಲಿಲ್ಲ. ಸೊಸೆ ಒಳಗಿಂದ ಓಡಿಬಂದಳು. ಮೀಟರಿನವನು ಚೀಲ, ಪೆನ್ನು, ಒಂದು ಚಪ್ಪಲಿ ಬಿಟ್ಟು ಗೇಟಿನಾಚೆ ನಿಂತು, ಎದೆ ಹಿಡಿದುಕೊಂಡು, ಬಾಗಿಲಲ್ಲಿ ನಿಂತ ಬಿಳಿ ಕೂದಲಿನ ಹೆಂಗಸನ್ನು ಮೇಲಿಂದ ಕೆಳಗೆ ನೋಡಿದ.

“ಅಮ್ಮಾ,” ಎಂದ ಮೆಲ್ಲಗೆ, “ನೀವು ಬನ್ ಮಾವನಿಗೆ ಬೀಗರಾ?”